ಮರುಳಯ್ಯನ ಕೋಡಿ

ಕಂಚಗಟ್ಟದ ಕೆರೆಗೆ ಎರಡು ಕೋಡಿಗಳಿವೆ. ಪಡುವಣ ತುದಿಯದು ಎಲ್ಲ ಕೆರೆಗಳಲ್ಲಿರುವಂಥದೇ. ಏರಿ ಮುಗಿಯುವಲ್ಲಿ ಕಲ್ಲು ಹಾಸಿ, ಹೆಚ್ಚಾದ ನೀರು ಹೋಗಲೆಂದು ಬಿಟ್ಟ ದಾರಿ. ಇನ್ನೊಂದು ಏರಿಯಿಂದ ದೂರ, ಮೂಡಣದ ಎರಡು ಗುಡ್ಡಗಳು ಕೂಡುವ ತಗ್ಗಿನಲ್ಲಿದೆ. ಅಲ್ಲಿಂದ ಬಿದ್ದ ನೀರು ಯಾವ ಗದ್ದೆಗೂ ಒದಗದೆ ಜಾಲಿಯ ಬಯಲಿನಲ್ಲಿ ಹಳ್ಳವಾಗಿ ಮರೆಯಾಗುತ್ತದೆ. ನೀರನ್ನು ಹೀಗೆ ಹಾಳುಮಾಡಿದ ಮರುಳ ಯಾರೆಂದು ಹೊಸಬರು ನಗುತ್ತ ಕೇಳುವುದುಂಟು. ಊರವರು ನಗುವುದಿಲ್ಲ. ಅದರ ಹೆಸರೇ ಮರುಳಯ್ಯನ ಕೋಡಿ.

ಹಿಂದೆ ಒಮ್ಮೆ, ಪಾಳೆಯಗಾರ ಮುದ್ದನಾಯಕನ ಕಾಲದಲ್ಲಿ, ಆ ತಗ್ಗಿನ ಆಚೆ ಬದಿಗೆ ಒಂದು ಚಿಕ್ಕ ಬಸದಿಯಿತ್ತು. ಅದರ ಪಕ್ಕದ ಮನೆಯಲ್ಲಿ ಪಾರಿಸಯ್ಯನೆಂಬ ಗಣಿತಜ್ಞ ಹೆಂಡತಿ ಜಕ್ಕವ್ವನೊಡನೆ ವಾಸವಾಗಿದ್ದ. ದೂರದ ಪಂಡಿತರು ಬಿಡಿಸಲಾಗದ ಲೆಕ್ಕಗಳನ್ನು ಹೊತ್ತು ಅವನಲ್ಲಿಗೆ ಬರುತ್ತಿದ್ದರಂತೆ. ಕುಂಬಳಕಾಯಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಒಳಗೆ ಎಷ್ಟು ಬೀಜವಿದೆಯೆಂದು ಹೇಳುತ್ತಿದ್ದ. ಒಡೆದು ನೋಡಿದರೆ ಒಂದೂ ತಪ್ಪುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಅದೇ ಮನುಷ್ಯನಿಗೆ ತಾನು ಉಂಡೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಒಮ್ಮೆ ಯಾರದೋ ಮನೆ ಹೊಕ್ಕು, ಬಡಿಸಿದ್ದನ್ನು ಉಂಡು, "ಈ ಹೊತ್ತು ಸಾರು ಚೆನ್ನಾಗಿದೆ ಜಕ್ಕೂ" ಎಂದು ಆ ಮನೆಯ ಮುದುಕಿಯನ್ನು ಹೊಗಳಿ ಬಂದಿದ್ದನಂತೆ. ದಾರಿಯಲ್ಲಿ ಸಂಖ್ಯೆಗಳೊಡನೆ ಜಗಳವಾಡುತ್ತ ನಡೆಯುವ ಅವನನ್ನು ಊರು ಪ್ರೀತಿಯಿಂದಲೇ ಮರುಳಯ್ಯ ಎಂದು ಕರೆಯಿತು.

ನಾಯಕನು ಕೆರೆ ಕಟ್ಟಿಸುವಾಗ ಪಾರಿಸಯ್ಯ ಬಂದು, ಸುತ್ತಣ ಬೆಟ್ಟಗಳ ಮೇಲೆಲ್ಲ ಒಟ್ಟಿಗೆ ಮಳೆಯಾದರೆ ಈ ಒಂದು ಕೋಡಿ ಸಾಲದು ಎಂದಿದ್ದ. ಬಯಲುಸೀಮೆಯಲ್ಲಿ ಅಂಥ ಮಳೆಯೇ ಎಂದು ನಾಯಕ ನಕ್ಕುಬಿಟ್ಟ. ಬಹಳ ವರ್ಷ ಆ ನಗುವೇ ಸರಿಯೆನಿಸಿತು. ಕೆರೆ ಅರ್ಧ ತುಂಬಿದರೂ ಹೆಚ್ಚು. ನಾಯಕ ದಂಡಿನ ಮೇಲೆ ಹೋಗಿದ್ದ ಒಂದು ವರ್ಷ ಮಾತ್ರ ಉತ್ತರೆಯ ಮಳೆ ಹಿಡಿದದ್ದು ಬಿಡಲಿಲ್ಲ. ಕೆರೆ ತುಂಬಿ ಕೋಡಿ ಬಿತ್ತು. ಮಳೆ ಹೊಳವಾದ ಬೆಳಗ್ಗೆ ಊರೆಲ್ಲ ಬಾಗಿನ ಹಿಡಿದು ಏರಿಯ ಮೇಲೆ ನೆರೆದಿತ್ತು. ಪಾರಿಸಯ್ಯನೂ ಬಂದ. ನೀರಿನ ಅಂಚಿಗೆ ಕಡ್ಡಿಗಳನ್ನು ಚುಚ್ಚಿ, ಅವು ಒಂದೊಂದಾಗಿ ಮುಳುಗುವುದನ್ನು ಬಹಳ ಹೊತ್ತು ನೋಡುತ್ತ ಕುಳಿತ. ಆಮೇಲೆ ಎದ್ದು ಊರ ಗೌಡ ಕೆಂಚೇಗೌಡನ ತೋಳು ಹಿಡಿದ.

"ಗೌಡ್ರೆ, ಸಂಜೆಯೊಳಗೆ ನೀರು ಏರಿ ಹತ್ತುತ್ತೆ. ಹತ್ತಿದರೆ ಮಣ್ಣು ನಿಲ್ಲಲ್ಲ. ಕೆಳಗಿರೋದು ಊರು. ಮೂಡಲ ತಗ್ಗು ಕಡಿಸಿ, ಆ ಕಡೆ ನನ್ನ ಮನೆ ಬಿಟ್ಟರೆ ಯಾರಿದ್ದಾರೆ?"

"ಮಳೆ ನಿಂತೈತಲ್ಲ ಅಯ್ಯನೋರೆ. ಇಷ್ಟು ವರ್ಷಕ್ಕೆ ತುಂಬಿದ ಕೆರೆ, ಕಡಿ ಅಂತೀರಲ್ಲ!"

"ನಿಂತಿರೋದು ಇಲ್ಲಿ. ಬೆಟ್ಟದ ನೀರು ಇನ್ನೂ ದಾರೀಲಿದೆ."

ಗೌಡ ತೋಳು ಬಿಡಿಸಿಕೊಂಡ. ಪಾರಿಸಯ್ಯ ಮನೆಗೆ ಹೋಗಿ, ಹೆಂಡತಿಯನ್ನೂ ಹಸುವನ್ನೂ ಗುಡ್ಡ ಹತ್ತಿಸಿ, ಹಾರೆ ಗುದ್ದಲಿ ಹಿಡಿದು ಒಬ್ಬನೇ ತಗ್ಗನ್ನು ಕಡಿಯತೊಡಗಿದ.

ಏರಿಯ ಮೇಲಿದ್ದವರು ಕಂಡಾಗ ನೀರು ಆಗಲೇ ಕಾಲುವೆಯಾಗಿ ಹರಿಯುತ್ತಿತ್ತು. "ಕೆರೆ ಒಡೀತಾವ್ನೆ!" ಎಂಬ ಕೂಗೆದ್ದಿತು. ಕೆರೆ ಒಡೆಯುವುದು ಗೋಹತ್ಯೆಗೆ ಸಮನಾದ ಪಾಪವೆಂದು ನಂಬಿದ್ದ ಜನ, ಹುಚ್ಚೆದ್ದು ಓಡಿದರು. ಕೂಗಿದರೂ ಅವನು ತಿರುಗಲಿಲ್ಲ. ತುಟಿ ಏನನ್ನೋ ಎಣಿಸುತ್ತಿತ್ತು, ಕೈ ಕಡಿಯುತ್ತಿತ್ತು. ಮೊದಲ ಕಲ್ಲು ಕೆಂಚೇಗೌಡನದು. ಆಮೇಲೆ ಬಿದ್ದವು ಯಾರವೆಂದು ಯಾರಿಗೂ ತಿಳಿಯದು. ಒಡೆದ ಕುಂಬಳಕಾಯಿಯ ಬೀಜ ಎಣಿಸಿ ಬೆರಗಾಗಿದ್ದ ಕೈಗಳೇ ಅವು. ಪಾರಿಸಯ್ಯ ಗುದ್ದಲಿಯ ಮೇಲೆಯೇ ಕುಸಿದ. ಅವನ ಹೆಣವನ್ನು ದಂಡೆಯ ಮೇಲಕ್ಕೆ ಎಳೆದುಹಾಕಿ ಜನ ಬುಟ್ಟಿಗಳಲ್ಲಿ ಮಣ್ಣು ತಂದು ಸುರಿದರು. ನೀರು ಅದನ್ನೂ ಕೊಚ್ಚಿ, ದಾರಿಯನ್ನು ಅಗಲಿಸಿಕೊಂಡು, ಬಸದಿಯನ್ನೂ ಅವನ ಮನೆಯನ್ನೂ ಬಳಿದುಕೊಂಡು ಹೋಯಿತು.

ಹೊತ್ತು ಇಳಿಯುವ ವೇಳೆಗೆ ಬೆಟ್ಟದ ಕಡೆಯಿಂದ ಮೊರೆತ ಕೇಳಿಸಿತು. ಕೆಂಪು ನೀರು ಬುಡಸಮೇತ ಮರಗಳನ್ನು ಹೊತ್ತು ಕೆರೆಗೆ ನುಗ್ಗಿತು. ಎರಡೂ ಕಡೆ ಹರಿದು ಹೋಗುತ್ತಿದ್ದರೂ ನೀರು ಏರುತ್ತಲೇ ಇತ್ತು. ಏರಿಯ ನೆತ್ತಿ ಮುಟ್ಟುವಷ್ಟರಲ್ಲಿ ನಿಂತಿತು. ಕೆಳಗೆ ಊರಿನ ಸೂರುಗಳಿಂದ ಒಲೆಯ ಹೊಗೆ ಏಳುತ್ತಿತ್ತು. ಕೆಂಚೇಗೌಡ ಮಣ್ಣಿನ ಬುಟ್ಟಿ ತಲೆಯ ಮೇಲಿರುವಂತೆಯೇ ನಿಂತುಬಿಟ್ಟ.

ಜಕ್ಕವ್ವ ಗುಡ್ಡವಿಳಿದು ಬಂದಳು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳದೆ, ಗೌಡನನ್ನು ಕೇಳಿದಳು: "ಒಂದು ಗೇಣು ಉಳೀತದೆ ಅಂದಿದ್ದರು. ಉಳೀತಾ?"

ಏರಿಯ ನೆತ್ತಿಗೂ ನೀರಿಗೂ ನಡುವೆ ಉಳಿದದ್ದು ಒಂದೇ ಗೇಣು.

ಮುದ್ದನಾಯಕ ಹಿಂದಿರುಗಿ, ನೀರು ಕೊರೆದ ಆ ದಾರಿಗೆ ಕಲ್ಲು ಕಟ್ಟಿಸಿ ಪಾರಿಸಯ್ಯನ ಹೆಸರಿಡಹೋದ. ಜಕ್ಕವ್ವ ಒಪ್ಪಲಿಲ್ಲ. "ಇವರು ಕರೆದ ಹೆಸರೇ ಇರಲಿ. ಮರುಳು ಯಾರಿಗಿತ್ತು ಅಂತ ಇವರ ಮಕ್ಕಳು ಕೇಳಲಿ" ಎಂದಳಂತೆ.

ಈಗ ಕೋಡಿಯ ದಂಡೆಯಲ್ಲಿ ಮೊಳಕಾಲೆತ್ತರದ ಒಂದು ಕಲ್ಲುಗುಪ್ಪೆಯಿದೆ. ಸಮಾಧಿಯೆಂದು ಕೆಲವರು ಬರೆದಿದ್ದಾರೆ, ಅದು ಸಮಾಧಿಯಲ್ಲ. ಅಂದು ಬಿದ್ದ ಕಲ್ಲುಗಳನ್ನು ಎಸೆದವರೇ ಆಯ್ದು ಒಟ್ಟಿದ್ದು. ದಾರಿಹೋಕರು ಹರಕೆಯ ಗುಪ್ಪೆಯೆಂದು ಬಗೆದು ತಾವೂ ಒಂದು ಕಲ್ಲು ಹಾಕಲು ಬಾಗುತ್ತಾರೆ. ಆಗ ಅಲ್ಲಿ ಬಟ್ಟೆ ಒಗೆಯುತ್ತಿರುವ ಹೆಂಗಸರು ಯಾರಾದರೂ ಕೈಯೆತ್ತಿ ತಡೆಯುತ್ತಾರೆ: "ಹಾಕಬ್ಯಾಡ್ರಿ. ನಮ್ಮೋರು ಹಾಕಿದ್ದೇ ಸಾಕು."