ಕೊಳವೆಯ ಬಾಯಿ, ಹೊದಿಕೆಯ ಬೆನ್ನು

ಒಂದು ರೇಸ್ ಕಾರಿನ ಹೊಗೆಕೊಳವೆ ತನ್ನ ಬಿಸಿಯುಸಿರನ್ನು ತಳದ ಹಲಗೆಯ ಅಂಚಿಗೆ ಊದುತ್ತಿತ್ತು. ಅದರ ಬಲದಿಂದಲೇ ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡು ಗೆಲ್ಲುತ್ತಿತ್ತು. ಕೊಳವೆಯ ಬಾಯಿ ಇನ್ನು ಮೇಲಕ್ಕೇ ಇರಬೇಕೆಂದು ಹೊಸ ನಿಯಮ ಬಂತು.

“ಅಣ್ಣಾ, ನಿನ್ನ ಉಸಿರಿಲ್ಲದೆ ಮೊದಲ ತಿರುವಿನಲ್ಲೇ ಜಾರಿಬಿಡುತ್ತೇನೆ,” ಎಂದಿತು ಹಲಗೆ.

“ನಿಯಮ ಮೀರಿದರೆ ಓಟದಿಂದಲೇ ಹೊರಗೆ, ತಮ್ಮಾ,” ಎಂದಿತು ಕೊಳವೆ.

ಕಾರಿನ ಮೈ ಮುಚ್ಚಿ, ತಂಡದ ಹೆಸರು ಹೊತ್ತು ಸದಾ ನೆಟ್ಟಗೆ ಬೀಗುತ್ತಿದ್ದ ಹೊದಿಕೆಯಕ್ಕ ಕೇಳಿದಳು: “ನಿಯಮ ಕಟ್ಟಿದ್ದು ನಿನ್ನ ಬಾಯಿಯನ್ನು. ನನ್ನ ಬೆನ್ನನ್ನಲ್ಲವಲ್ಲ?” ಅವಳು ಕೊಳವೆಯ ಬಾಯಿಯ ಹಿಂದಿನಿಂದ ಹಲಗೆಯತ್ತ ಇಳಿಜಾರಾಗಿ ಬೆನ್ನು ಬಗ್ಗಿಸಿದಳು.

ಓಟದ ದಿನ ಪರೀಕ್ಷಕರು ಅಳೆದು ನೋಡಿದರು. ಬಾಯಿ ಮೇಲಕ್ಕೇ ಇತ್ತು. ಆದರೆ ಬಾಗಿದ ಮೈಗೆ ಅಂಟಿಕೊಂಡೇ ಹರಿಯುವುದು ಗಾಳಿಯ ಗುಣ; ಉಸಿರು ಬಾಗಿದ ಬೆನ್ನನ್ನು ತಬ್ಬಿಕೊಂಡು ಹಲಗೆಗೇ ಇಳಿಯಿತು. ಕಾರು ಎಲ್ಲೂ ಜಾರದೆ ಮೊದಲು ಬಂತು.

“ಗೆಲ್ಲಿಸಿಬಿಟ್ಟೆ ಅಣ್ಣಾ!” ಎಂದಿತು ಹಲಗೆ.

“ನಾನು ಮೇಲಕ್ಕೇ ಊದಿದೆ ಮಾರಾಯ,” ಎಂದಿತು ಕೊಳವೆ. “ಬೆನ್ನು ಬಗ್ಗಿಸಿದವಳಿಗೆ ಕೈ ಮುಗಿ.”