ಅಂಚು ಮಡಚಿ ಹೊಲಿದ ಸೀರೆ

"ಗುರುಗಳೇ, ಗೊತ್ತಿಲ್ಲದವರಿಗೆ ನಕಲಿ ವಸ್ತುವನ್ನು ಕೊಟ್ಟರೆ ತಪ್ಪೇ?" ಎಂದು ಶಿಷ್ಯೆ ಕುಮುದಿನಿ ಕೇಳಿದಳು.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಪ್ರಶ್ನೆಯನ್ನು ಮಡಚಿಟ್ಟುಕೊಂಡು ಕೇಳುತ್ತಿದ್ದೀಯಲ್ಲ ತಾಯಿ. ಬಿಚ್ಚಿ ಹೇಳು," ಎಂದರು.

"ಹೊರದೇಶದ ದೊಡ್ಡ ಕಂಪನಿಯದು ಅಂತ ಒಂದು ವ್ಯಾನಿಟಿ ಬ್ಯಾಗ್ ತಗೊಂಡಿದ್ದೆ. ಜಿಪ್ಪು ಕೆಟ್ಟಿತು. ಆ ಕಂಪನಿಯ ಅಂಗಡಿಗೇ ಒಯ್ದೆ. ಅವರು ಒಳಗಿನ ಹೊಲಿಗೆ ನೋಡಿ, ಇದು ನಮ್ಮದಲ್ಲ ಮೇಡಂ, ಡೂಪ್ಲಿಕೇಟು ಅಂದ್ರು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾರಿದರೆ ಮೋಸ. ಎಸೆಯೋಕೆ ಮನಸ್ಸು ಬರಲ್ಲ. ನಮ್ಮನೆಗೆ ಅಡುಗೆಗೆ ಬರೋ ಸೌಭಾಗ್ಯಂಗೆ ಮುಂದಿನ ವಾರ ಮದುವೆ. ಅವಳಿಗೆ ಆ ಬ್ಯಾಗಿನ ಮೇಲೆ ಮೊದಲಿನಿಂದಲೂ ಆಸೆ. ಜಿಪ್ಪು ಸರಿ ಮಾಡಿಸಿ ಕೊಟ್ಟರೆ ಕುಣಿದಾಡ್ತಾಳೆ. ನಕಲಿ ಅಂತ ಅವಳಿಗೆ ಯಾವತ್ತೂ ಗೊತ್ತಾಗಲ್ಲ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನ ಹೆಂಡತಿ ಇದ್ದಳು. ಅವಳ ಅಣ್ಣ ಗೌರಿ ಹಬ್ಬಕ್ಕೆ ಒಂದು ಜರಿ ಸೀರೆ ತಂದುಕೊಟ್ಟ. ಸೆರಗಿನ ತುಂಬ ಜರಿ. ಅವಳು ಅದನ್ನುಟ್ಟು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮನೆಗೂ ಹೋಗಿ ಬಂದಳು. ಅರಿಸಿನ ಕುಂಕುಮಕ್ಕೆ ಕರೆಯದವರ ಮನೆಗೂ ಹೋಗಿ ಬಂದಳು.

ಆ ಸಂಜೆ ದೀಪ ಹಚ್ಚುವಾಗ ಸೆರಗಿನ ತುದಿಗೆ ಬೆಂಕಿ ತಗುಲಿತು. ಕೈಯಿಂದ ತಟ್ಟಿ ಆರಿಸಿ ನೋಡಿದಳು. ಜರಿಯ ಎಳೆ ಕಪ್ಪಗಾಗಿತ್ತು. ನಿಜವಾದ ಜರಿಯೆಂದರೆ ಬೆಳ್ಳಿಯ ಎಳೆ. ರೇಷ್ಮೆ ಉರಿದರೂ ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಇದು ತಾಮ್ರದ ಎಳೆ. ಅಣ್ಣನಿಗೆ ಯಾರೋ ಟೋಪಿ ಹಾಕಿದ್ದರು.

ಅವಳಿಗೆ ತಡೆಯಲಾರದಷ್ಟು ಅವಮಾನವಾಯಿತು. ಅಣ್ಣನಿಗೆ ಹೇಳಿದರೆ ಅವನು ಕುಗ್ಗುತ್ತಾನೆ. ಬೀದಿಯವರಿಗೆ ತಿಳಿದರೆ ತಾನು ತಲೆಯೆತ್ತುವಂತಿಲ್ಲ. ಸುಟ್ಟ ಅಂಚನ್ನು ಒಳಕ್ಕೆ ಮಡಚಿ ಹೊಲಿದು, ಸೀರೆಯನ್ನು ಪೆಟ್ಟಿಗೆಗೆ ಹಾಕಿದಳು.

ಅವಳ ಮನೆಯಲ್ಲಿ ಒಬ್ಬ ಹುಡುಗಿ ಬೆಳೆಯುತ್ತಿದ್ದಳು. ತಾಯಿತಂದೆ ಇರಲಿಲ್ಲ. ವರ್ತಕನ ಹೆಂಡತಿಯನ್ನೇ ಅಮ್ಮ ಎನ್ನುತ್ತಿದ್ದಳು. ಎಣ್ಣೆ ಗಾಣ ನಡೆಸುವ ಒಬ್ಬ ಯುವಕನೊಂದಿಗೆ ಅವಳಿಗೆ ಮದುವೆ ಗೊತ್ತಾಯಿತು. ವರ್ತಕನ ಹೆಂಡತಿಗೆ ಪೆಟ್ಟಿಗೆಯಲ್ಲಿದ್ದ ಸೀರೆ ನೆನಪಾಯಿತು. ಇವಳಿಗೆಲ್ಲಿ ಗೊತ್ತಾಗುತ್ತದೆ ಎಂದುಕೊಂಡಳು. ನೀನು ಈಗ ಅಂದೆಯಲ್ಲ, ಅದೇ ಮಾತು.

ಸೀರೆ ನೋಡಿ ಹುಡುಗಿ ಅತ್ತುಬಿಟ್ಟಳು. ಅಂಚಿನ ಹೊಲಿಗೆಯೂ ಅವಳ ಕಣ್ಣಿಗೆ ಬಿತ್ತು. ಅಮ್ಮ ತನಗಾಗಿ ಕೈಯಾರೆ ಹೊಲಿದಿದ್ದಾರೆ ಎಂದು ಕಂಡವರಿಗೆಲ್ಲ ಅದನ್ನು ತೋರಿಸಿದಳು. ಮದುವೆಯ ದಿನ ಉಟ್ಟು, ಆಮೇಲೆ ಪೆಟ್ಟಿಗೆಯ ತಳದಲ್ಲಿಟ್ಟಳು. ಅಂದಿನಿಂದ ಪ್ರತಿ ಹಬ್ಬಕ್ಕೂ ಬಂದು ಅಮ್ಮನ ಕಾಲಿಗೆ ಬೀಳುತ್ತಿದ್ದಳು. ಅಮ್ಮ ತಲೆ ಮುಟ್ಟಿ ಹರಸುತ್ತಿದ್ದಳು. ಹರಸುವಾಗ ಅವಳ ಕಣ್ಣು ಬಾಗಿಲ ಕಡೆಗಿರುತ್ತಿತ್ತು.

ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ಗಾಣದ ಎತ್ತು ಸತ್ತಿತು. ಅದೇ ತಿಂಗಳು ಹುಡುಗಿಯ ಗಂಡ ಸೂರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಗಾಣ ಮುಚ್ಚಿ ಕೂಲಿಗೆ ಹೋಗು ಎಂದು ಗಂಡನ ಮನೆಯವರು ಹೇಳಿದರು. ಅವಳು ಒಪ್ಪಲಿಲ್ಲ. "ಗಾಣ ನಿಲ್ಲೋದಿಲ್ಲ. ನಾನೇ ತಿರುಗಿಸ್ತೀನಿ. ಎತ್ತಿಗೆ ನನ್ನ ಪೆಟ್ಟಿಗೇಲಿ ಸೀರೆ ಇದೆ," ಎಂದಳು. ಹೋಗಿ ಒಂದು ಎತ್ತನ್ನು ನೋಡಿ, ಅದರ ಒಡೆಯನಿಗೆ ಮಾತು ಕೊಟ್ಟು ಬಂದಳು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಕಷ್ಟ ಬಂದರೆ ಜರಿ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಆದರೆ ಮದುವೆಗೆ ಬಂದ ಸೀರೆಯನ್ನು ಸುಮ್ಮನೆ ಸುಡುವಂತಿರಲಿಲ್ಲ. ಕೊಟ್ಟವರ ಬಳಿಗೆ ಒಯ್ಯಬೇಕು. ಕೊಟ್ಟವರೇ ಮೊದಲ ಅಂಚನ್ನು ದೀಪಕ್ಕೆ ಹಿಡಿದು ಅಪ್ಪಣೆ ಕೊಡಬೇಕು. ವರ್ತಕನ ಹೆಂಡತಿ ಹುಟ್ಟಿದಂದಿನಿಂದ ಈ ಪದ್ಧತಿ ನೋಡಿದವಳು. ಸೀರೆ ಕೊಡುವ ದಿನ ಮಾತ್ರ ಅದು ಅವಳ ನೆನಪಿಗೆ ಬಂದಿರಲಿಲ್ಲ.

ಹುಡುಗಿ ಬಂದು ದೀಪದ ಮುಂದೆ ಸೀರೆ ಬಿಚ್ಚಿ ಕುಳಿತಳು. "ಅಂಚು ಹಿಡೀರಿ ಅಮ್ಮ. ಇವತ್ತೇ ಎತ್ತು ಹೊಡ್ಕೊಂಡು ಹೋಗಬೇಕು."

ಹಬ್ಬದ ದಿನ ಸೀರೆ ಸುಡಬಾರದು ಎನ್ನಲು ವರ್ತಕನ ಹೆಂಡತಿ ಬಾಯಿ ತೆರೆದಳು. ಆ ದಿನ ಯಾವ ಹಬ್ಬವೂ ಇರಲಿಲ್ಲ. ಸೀರೆಯನ್ನು ಒಳಗೆ ಒಯ್ದು ಬೇರೆಯದನ್ನು ತಂದಿಡೋಣವೇ ಎಂದೂ ಯೋಚಿಸಿದಳು. ಹುಡುಗಿಯ ಬೆರಳು ಆ ಹೊಲಿಗೆಯ ಮೇಲೇ ಇತ್ತು. ಯಾವ ಸೀರೆ ತಂದರೂ ಅದರಲ್ಲಿ ಆ ಹೊಲಿಗೆ ಇರುವುದಿಲ್ಲ.

ವರ್ತಕನ ಹೆಂಡತಿ ಎದ್ದಳು. ಒಳಗೆ ಹೋಗಿ ತನ್ನ ಧಾರೆಯ ಸೀರೆಯನ್ನು ತಂದಳು. ತನ್ನ ತಾಯಿ ಉಡಿಸಿದ್ದ ಸೀರೆ ಅದು. ಅದರ ಅಂಚನ್ನು ದೀಪಕ್ಕೆ ಹಿಡಿದಳು. ರೇಷ್ಮೆ ಉರಿಯಿತು, ಎಳೆ ಬೆಳ್ಳಗೆ ಉಳಿಯಿತು. ಆಮೇಲೆ ಆ ಇನ್ನೊಂದು ಸೀರೆಯ ಹೊಲಿಗೆಯನ್ನು ತಾನೇ ಬಿಚ್ಚಿ, ಒಳಗಿನ ಕಪ್ಪು ಅಂಚನ್ನು ತೋರಿಸಿದಳು.

"ಇದು ನಕಲಿ ಮಗಳೇ. ನಿನಗೆ ಕೊಡೋವಾಗಲೇ ನನಗೆ ಗೊತ್ತಿತ್ತು. ಸುಡೋದಕ್ಕೆ ನನ್ನದನ್ನು ತಗೊಂಡು ಹೋಗು."

ಹುಡುಗಿ ಆ ಕಪ್ಪು ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಬ್ಬಕ್ಕೆ ಬಂದು ಕಾಲಿಗೆ ಬಿದ್ದಾಗೆಲ್ಲ ನೀವು ಬಾಗಿಲ ಕಡೆ ನೋಡ್ತಿದ್ರಿ. ಯಾರೋ ನೆಂಟರು ಬರೋರಿದ್ದಾರೆ ಅಂದ್ಕೊಂಡಿದ್ದೆ ಅಮ್ಮ," ಎಂದಳು.

ಧಾರೆಯ ಸೀರೆಯನ್ನು ತೆಗೆದುಕೊಂಡಳು. ಅವಳು ಮಾತು ಕೊಟ್ಟಿದ್ದಳು, ಗಾಣ ತಿರುಗಲೇಬೇಕಿತ್ತು. ಆದರೆ ಆ ದಿನ ಕಾಲಿಗೆ ಬೀಳಲಿಲ್ಲ. ನಕಲಿ ಸೀರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಸಂಜೆಗೆ ಎತ್ತು ಬಂತು. ಅವಳೇ ನೊಗ ಕಟ್ಟಿದಳು, ಅವಳೇ ಎಣ್ಣೆ ತೆಗೆದಳು.

ವರ್ತಕನ ಹೆಂಡತಿ ಆ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ. ಕಪ್ಪು ಅಂಚನ್ನು ಮಡಚದೆ, ಹಬ್ಬಕ್ಕೂ ಮದುವೆಗೂ ಅದನ್ನೇ ಉಟ್ಟಳು. ಚೆನ್ನಾಗಿದೆ ಎಂದವರಿಗೆಲ್ಲ ನಕಲಿ ಎಂದಳು. ಗಂಡ ಬೇಡವೆಂದ, ಅಣ್ಣ ಮುನಿಸಿಕೊಂಡ, ಬೀದಿಯವರು ನಕ್ಕರು. "ಇದು ನನ್ನ ಮೈಮೇಲೇ ಹರಿಯಲಿ. ಇನ್ನೊಬ್ಬಳ ಪೆಟ್ಟಿಗೆ ಸೇರೋದು ಬೇಡ," ಎಂದಳು. ಹರಿದು ಚಿಂದಿಯಾಗುವವರೆಗೂ ಉಟ್ಟಳು.

ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

"ಆ ಹುಡುಗಿ ಮತ್ತೆ ಬಂದಳೇ ಗುರುಗಳೇ? ಮತ್ತೆ ಕಾಲಿಗೆ ಬಿದ್ದಳೇ?" ಎಂದು ಕುಮುದಿನಿ ಕೇಳಿದಳು.

ಗುರುಗಳು ಒಂದು ಕಾಯಿಯನ್ನು ಬಿಡಿಸಿ, ಹುಳುಕು ಕಾಳನ್ನು ಆಚೆಗೆ ಎಸೆದು ಕೇಳಿದರು: "ಮುಂದಿನ ವಾರ ಸೌಭಾಗ್ಯ ಹಸೆಯಿಂದ ಎದ್ದು ಬಂದು ನಿನ್ನ ಕಾಲಿಗೆ ಬಿದ್ದಾಗ, ನೀನು ಯಾವ ಕಡೆ ನೋಡುತ್ತೀಯ?"