ನಾಲ್ಕು ಪ್ರಶ್ನೆಚಿಹ್ನೆಗಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ನಿಂಬೆವ್ವ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಅವಳಿಗೆ ಉಳಿದಿದ್ದವಳು ಒಬ್ಬಳೇ ಶಿಷ್ಯೆ, ಶಾರವ್ವ. ಒಂದು ದಿನ ಅವಳೂ ಗಂಟು ಕಟ್ಟಿಕೊಂಡು ಬಂದು ನಿಂತಳು.

"ಎಲ್ಲಿಗೆ?"

"ಹೋಗ್ತೀನಿ ಅವ್ವಾ. ನಾ ಇಲ್ಲಿ ಯಾರಿಗೂ ಬೇಕಾಗಿಲ್ಲ."

ಅರ್ಧಕ್ಕೆ ಶಾಲೆ ಬಿಟ್ಟ ಹೆಂಗಸರಿಗಾಗಿ ಶಾರವ್ವ ಒಂದು ಪೋರ್ಟಲ್ ಕಟ್ಟಿದ್ದಳು. ಓದುವಾಗ ತಿಳಿಯದ್ದನ್ನು ಕೇಳಲು ಅದರಲ್ಲೊಂದು ಪುಟವಿತ್ತು. ಪುಟದ ಹೆಸರು 'ಕೇಳಿ'. ವಿಳಾಸವನ್ನು ಚೀಟಿಗಳಲ್ಲಿ ಬರೆದು ಊರೂರಿಗೆ ಹಂಚಿದ್ದಳು. ಆರು ತಿಂಗಳಾಗಿತ್ತು. ಒಂದು ಪ್ರಶ್ನೆಯೂ ಬಂದಿರಲಿಲ್ಲ.

"ಯಾರೂ ಬಂದಿಲ್ಲ ಅಂತ ಹೆಂಗ ಗೊತ್ತು?"

"ಆ ಪುಟಕ್ಕ ಯಾರು ಬಂದ್ರೂ ಒಂದು ಸಾಲು ಬರಕೊಳ್ಳೋ ಹಂಗ ಮಾಡೀನಿ. ನನ್ನ ಪರೀಕ್ಷೆ ಬಿಟ್ಟರ ಒಂದು ಸಾಲೂ ಇಲ್ಲ."

"ಒಳಗಿನ ಕೋಣ್ಯಾಗ ಕುಂತು ಊರ ಬಾಗಿಲಿಗೆ, ಅಗಸಿಗೆ ಬಂದವರನ್ನ ಎಣಿಸ್ತಿಯೇನು? ಒಬ್ಬಾಕಿ ಬಂದರ ಮೊದಲು ಎಲ್ಲಿಗೆ ಬರ್ತಾಳ, ಹೇಳು."

"ಬಾಗಿಲು ಕಾಯೋ ಫಿಲ್ಟರಿಗೆ. ಅದು ಬಂದಾಕಿಯ ಕೈಯಾಗಿನ ವಿಳಾಸ ಓದತದ."

"ಆಮ್ಯಾಲೆ?"

"ದಾರಿ ಹಚ್ಚೋ ಕಡೆಗೆ. ಅಲ್ಲೊಂದು ಪುಟಗಳ ಹೆಸರಿನ ಯಾದಿ ಅದ. ಹೆಸರು ಕೂಡಿದರ ಆ ಹೆಸರಿನ ಪುಟಕ್ಕ ಕಳಸತದ."

"ಕೂಡದಿದ್ದರ?"

"ಸ್ವಾಗತದ ಪುಟಕ್ಕ."

"ಅಗಸಿಗೆ ಹೋಗಿ ನೋಡು."

ಗಂಟನ್ನು ಕಂಕುಳಿನಿಂದ ಇಳಿಸದೆಯೇ ಶಾರವ್ವ ಕಂಪ್ಯೂಟರಿನಲ್ಲಿ ಫಿಲ್ಟರಿನ ಲಾಗ್, ಎಂದರೆ ಯಾವ ಫೋನಿನಿಂದ ಯಾವಾಗ ಯಾವ ವಿಳಾಸ ಬಂತೆಂಬ ದಾಖಲೆ, ತೆರೆದಳು. ಅವಳ ಸ್ವಂತ ಪರೀಕ್ಷೆಯ ಸಾಲುಗಳನ್ನು ಬಿಟ್ಟರೆ ಸಾಲು ಸಾಲಾಗಿ ಬರೀ ಪ್ರಶ್ನೆಚಿಹ್ನೆಗಳು.

"ಇದೆಲ್ಲಾ ಕಸ ಅವ್ವಾ. ಹಿಂದೆ ಒಮ್ಮೆ ನೋಡಿ ಬಿಟ್ಟಿದ್ದೆ. ಯಾರೋ ಪುಂಡರು ಸುಮ್ಮನ ಬಾಗಿಲು ಬಡೀತಾರ."

"ಒಂದು ಸಾಲಿನಾಗ ಎಷ್ಟು ಚಿಹ್ನೆ?"

"ನಾಲ್ಕು."

"ಅದರ ಕೆಳಗಿನದರಾಗ?"

"ನಾಲ್ಕು." ಅವಳು ಇನ್ನಷ್ಟು ಕೆಳಗೆ ಹೋದಳು. "ಎಲ್ಲಾದರಾಗೂ ನಾಲ್ಕು."

"ಭಾಳ ಶಿಸ್ತಿನ ಪುಂಡರು," ಎಂದಳು ನಿಂಬೆವ್ವ. ಮರಳಿನ ಕಡೆಗೆ ಕೈ ತೋರಿಸಿದಳು. "'ಕೇಳಿ' ಅಂತ ಬರಿ."

ಶಾರವ್ವ ಬೆರಳಿನಿಂದ ಬರೆದಳು.

"ಎಷ್ಟು ಅಕ್ಷರ?"

"ಎರಡು."

"ಅದು ನಿನ್ನ ಲೆಕ್ಕ. ಯಂತ್ರದ ಲೆಕ್ಕದಾಗ ಬಿಡಿಸು."

"ಕ. ಅದರ ಏತ್ವ. ಳ. ಅದರ..." ಶಾರವ್ವ ಪರದೆಯ ಮೇಲಿನ ಸಾಲುಗಳ ಕಡೆ ತಿರುಗಿದಳು. "ಅದರ ಗುಡಿಸು. ನಾಲ್ಕು," ಎಂದಳು.



ಫಿಲ್ಟರನ್ನು ಅವಳು ಯಾವುದೋ ಹಳೆಯ ಕೆಲಸದಿಂದ ಎತ್ತಿ ತಂದಿದ್ದಳು. ಅದಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತಿದ್ದವು. ಗೊತ್ತಿಲ್ಲದ ಪ್ರತಿಯೊಂದು ಗುರುತಿನ ಜಾಗದಲ್ಲೂ ಅದು ಒಂದು ಪ್ರಶ್ನೆಚಿಹ್ನೆ ಇಡುತ್ತಿತ್ತು. ಯಾದಿಯಲ್ಲಿ ಅಂಥ ಹೆಸರಿರಲಿಲ್ಲ. ಬಂದ ಹೆಂಗಸರಿಗೆಲ್ಲ 'ಸುಸ್ವಾಗತ' ಎಂಬ ಪುಟ ಸಿಗುತ್ತಿತ್ತು. ಆ ಪುಟದಲ್ಲಿ ಏನನ್ನೂ ಕೇಳಲು ಜಾಗವಿರಲಿಲ್ಲ.

"ಆದರ ನಾ ತಟ್ಟಿದಾಗ ತೆಗೀತಿತ್ತಲ್ಲ ಅವ್ವಾ! ಎಷ್ಟು ಸಲ ಪರೀಕ್ಷೆ ಮಾಡೀನಿ!"

"ಏನಂತ ಬರದು ತಟ್ಟಿದಿ?"

ಶಾರವ್ವ ತಲೆ ತಗ್ಗಿಸಿದಳು. ಪುಟಕ್ಕೆ ಇಂಗ್ಲಿಷ್ ಅಕ್ಷರದಲ್ಲೂ ಅದೇ ಹೆಸರನ್ನು ಕೊಟ್ಟಿದ್ದಳು. ಬೆರಳಿಗೆ ಸಲೀಸೆಂದು ಪ್ರತಿ ಸಲವೂ ಅದನ್ನೇ ಬರೆದಿದ್ದಳು.

"ಚೀಟ್ಯಾಗ?"

"ಕನ್ನಡದಾಗ. ಅವರಿಗೆ ಇಂಗ್ಲಿಷ್ ಬರಂಗಿಲ್ಲಲ್ಲ."

ನಿಂಬೆವ್ವ ಮರಳಿನ ಮೇಲಿನ ಎರಡು ಅಕ್ಷರಗಳನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಾರವ್ವನಿಗೆ ಅನಿಸಿತು.

ಅವಳು ಗಂಟನ್ನು ಕೆಳಗಿಟ್ಟು ಕುಳಿತಳು. ಫಿಲ್ಟರಿಗೆ ಕನ್ನಡ ಓದಲು ಬರುವಂತೆ ತಿದ್ದಬೇಕಾದದ್ದು ಒಂದೇ ಸಾಲು. ತಿದ್ದಿ, ಈ ಸಲ ಕನ್ನಡದಲ್ಲಿ ಬರೆದು ತಟ್ಟಿದಳು. ಪುಟ ತೆರೆಯಿತು.

ಅವಳಿಗೆ ಖುಷಿಯಾಗಲಿಲ್ಲ. ಮತ್ತೆ ಹಳೆಯ ಸಾಲುಗಳಿಗೆ ಹೋಗಿ ಒಂದೊಂದನ್ನೇ ನೋಡತೊಡಗಿದಳು.

"ಅವ್ವಾ, ಇಲ್ಲೊಬ್ಬಾಕಿ ಇದ್ದಾಳ. ಒಂದೇ ಫೋನಿನಿಂದ. ಪ್ರತಿ ಗುರುವಾರ, ಮಧ್ಯಾಹ್ನದ ಹೊತ್ತು. ಹದಿನಾಲ್ಕು ವಾರ ಬಂದಾಳ."

"ಹದಿನೈದನೇ ವಾರ?"

"ಇಲ್ಲ. ಆಮ್ಯಾಲೆ ಇಲ್ಲೇ ಇಲ್ಲ."

ಶಾರವ್ವ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಏನು ಕೇಳಬೇಕಂತಿದ್ದಳು ಅವ್ವಾ?"

"ತಿಳಿಯಂಗಿಲ್ಲ."

"ಹೆಸರು? ಊರು? ಫೋನ್ ನಂಬರು?"

"ಲಾಗಿನಾಗ ಅವು ಇರಂಗಿಲ್ಲ. ನಿನಗ ಗೊತ್ತದ."

"ಹಂಗಾದರ ನಾ ಆಕೀನ ಎಲ್ಲಿ ಹುಡುಕಲಿ? ಏನು ಮಾಡಲಿ?"

ನಿಂಬೆವ್ವ ಎದ್ದು ಸೀರೆಯ ಮರಳು ಕೊಡವಿದಳು.

"ಆಕಿ ಹದಿನಾಲ್ಕು ವಾರ ಕಾದಳು. ಈಗ ಕಾಯೋ ಪಾಳಿ ನಿನ್ನದು."